ಕೈಯಿಲ್ಲದ ರಾಣಿ

ಡಿಸೆಂಬರ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಕುಂದಾಪುರದ ಶಾಲೆಯೊಂದರ ವಾರ್ಷಿಕೋತ್ಸವದ ಛದ್ಮವೇಷ ಸ್ಪರ್ಧೆಯಲ್ಲಿ, ರಾಣಿಯಾಗಿ ವೇದಿಕೆಗೆ ಬರಬೇಕಿದ್ದ ಮೂರನೆಯ ತರಗತಿಯ ಹುಡುಗಿ ಮೀನಾಗಿ ಬಂದಳು. ಆ ಹುಡುಗಿ ನಾನು. ವೇಷ ಹೊಲಿದವಳು ನನ್ನ ಅಮ್ಮ. ತಪ್ಪು ಒಂದೇ ಒಂದು ಶಬ್ದದ್ದು. ನಮ್ಮ ಕಡೆ ರಾಣಿ ಅಂದರೆ ಒಂದು ಮೀನು ಕೂಡ ಹೌದು. ಗುಲಾಬಿ ಮೈ, ದೊಡ್ಡ ಕಣ್ಣು, ಪಕ್ಕೆಯ ಉದ್ದಕ್ಕೂ ಹಳದಿ ಗೆರೆ, ಬಾಲದ ಮೇಲಿನ ತುದಿಯಿಂದ ಹೊರಟ ಒಂದು ಹಳದಿ ಎಳೆ. ಟ್ರಾಲ್ ಬೋಟುಗಳು ದಡಕ್ಕೆ ಬಂದಾಗ ರಾಶಿ ಬೀಳುವ ಮೀನು ಅದು. ಅಂಜಲ್‍ನಂಥ ದುಬಾರಿ ಮೀನು ಕೊಳ್ಳಲಾಗದವರ ಮನೆಯ ಮೀನು. ನಮ್ಮ ಮನೆಯಲ್ಲಿ ವಾರದ ಹೆಚ್ಚಿನ ದಿನ ರಾಣಿಯೇ. ಹಾಗಾಗಿ ರಾಣಿ ಎಂದಾಗ ನನ್ನ ಕಣ್ಣ ಮುಂದೆ ಮೊದಲು ಬರುತ್ತಿದ್ದದ್ದು ಕಿರೀಟವಲ್ಲ, ಮಣ್ಣಿನ ಪಾತ್ರೆಯಲ್ಲಿ ಕುದಿಯುವ ಕೆಂಪು ಸಾರು.

ನಮ್ಮ ಮನೆ ಕೋಡಿಯಲ್ಲಿ, ಕಡಲ ಬದಿಯ ಮರಳಿನ ಮೇಲಿತ್ತು. ಮುಂದೆ ಜಗಲಿ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ. ಜಗಲಿ ಅಜ್ಜಿಯದು. ಅವಳ ಮೀನಿನ ಬುಟ್ಟಿ, ತಕ್ಕಡಿ, ಎಲೆಯಡಿಕೆಯ ಡಬ್ಬ ಎಲ್ಲವೂ ಅಲ್ಲೇ. ಅಜ್ಜಿ ಎಂದರೆ ಅಪ್ಪನ ಅಮ್ಮ, ಹೆಸರು ಅಕ್ಕಣಿ. ಬೆಳಿಗ್ಗೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರುತ್ತಿದ್ದಳು, ಮಧ್ಯಾಹ್ನ ಬಂದು ಜಗಲಿಯಲ್ಲಿ ಕಾಲು ಚಾಚಿ ಊರಿನ ಸುದ್ದಿ ಹೇಳುತ್ತಿದ್ದಳು. ಅಪ್ಪ ಮಲ್ಪೆಯ ಬೋಟಿನಲ್ಲಿದ್ದ. ಬೋಟು ಬಂದಾಗ ಬರುತ್ತಿದ್ದ, ಎರಡು ದಿನ ಮಲಗುತ್ತಿದ್ದ, ಹೋಗುತ್ತಿದ್ದ. ನಡುವಿನ ಕೋಣೆ ಅಮ್ಮನದು. ಕಿಟಕಿಯ ಕೆಳಗೆ ಅವಳ ಹೊಲಿಗೆ ಮಷೀನು. ಅದರ ಮೇಲೆ ಸದಾ ಒಂದು ಹಳೆಯ ಸೀರೆಯ ತುಂಡು ಹೊದಿಸಿರುತ್ತಿತ್ತು, ಉಪ್ಪುಗಾಳಿಗೆ ತುಕ್ಕು ಹಿಡಿಯದ ಹಾಗೆ. ಮಷೀನಿನ ಹತ್ತಿರ ನಾವು ಊಟ ಮಾಡುವ ಹಾಗಿರಲಿಲ್ಲ, ಮೀನು ಮುಟ್ಟಿದ ಕೈಯಲ್ಲಿ ಹೋಗುವ ಹಾಗಂತೂ ಇರಲೇ ಇಲ್ಲ. ಈ ಕಾನೂನು ಅಜ್ಜಿಗೂ ಅನ್ವಯಿಸುತ್ತಿತ್ತು, ಅಜ್ಜಿಗೆ ಅದು ಹಿಡಿಸುತ್ತಿರಲಿಲ್ಲ.

ಅಮ್ಮ ಮಂಜುಗಡ್ಡೆ ಫ್ಯಾಕ್ಟರಿಯ ಪಕ್ಕದ ಶೆಡ್ಡಿನಲ್ಲಿ ಮೀನು ಕೊಯ್ಯುವ, ಚಟ್ಲಿ ಅಂದರೆ ಸಿಗಡಿಯ ಸಿಪ್ಪೆ ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಐಸಿನ ನೀರಿನಲ್ಲಿ ಕೈ. ಸಂಜೆ ಬಂದವಳು ಬಾವಿಕಟ್ಟೆಯ ಹತ್ತಿರ ನಿಂತು ಹುಣಸೆಹುಳಿಯಿಂದ ಒಮ್ಮೆ, ಸೋಪಿನಿಂದ ಒಮ್ಮೆ, ಲಿಂಬೆಯ ಹೋಳಿನಿಂದ ಮತ್ತೊಮ್ಮೆ ಕೈ ತಿಕ್ಕುತ್ತಿದ್ದಳು. ಆಮೇಲೆ ಬೆರಳು ಮೂಸಿ ನೋಡುತ್ತಿದ್ದಳು. ವಾಸನೆ ಹೋಗಿದೆ ಅನ್ನಿಸಿದ ಮೇಲೆಯೇ ಮಷೀನಿನ ಮೇಲಿನ ಬಟ್ಟೆ ತೆಗೆಯುತ್ತಿದ್ದಳು. ಮಹಿಳಾ ಮಂಡಲದ ಹೊಲಿಗೆ ತರಬೇತಿಯಲ್ಲಿ ಅವಳು ಕಲಿತದ್ದು ನಾಲ್ಕು ಕಟಿಂಗ್: ಲಂಗ, ರವಿಕೆ, ನೈಟಿ, ಮಕ್ಕಳ ಫ್ರಾಕು. ನಾಲ್ಕನ್ನೂ ಹಳೆಯ ಪತ್ರಿಕೆಯ ಹಾಳೆಗಳನ್ನು ಅಂಟಿಸಿ ಕತ್ತರಿಸಿ ಇಟ್ಟುಕೊಂಡಿದ್ದಳು. ಬಟ್ಟೆಯ ಮೇಲೆ ಆ ಕಾಗದ ಹಾಸಿ, ಅಳತೆಗೆ ತಕ್ಕಂತೆ ಒಂದಿಂಚು ಆಚೆ ಈಚೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ನಾನು ಪತ್ರಿಕೆ ಓದಲು ಕಲಿತದ್ದು ಆ ತುಂಡುಗಳಲ್ಲಿ. ಫ್ರಾಕಿನ ಬೆನ್ನಿನಲ್ಲಿ ಒಬ್ಬ ಮಂತ್ರಿಯ ಅರ್ಧ ಮುಖವಿತ್ತು. ತೋಳಿನ ತುಂಡಿನಲ್ಲಿ ಬಸ್ಸು ಪಲ್ಟಿಯಾದ ಸುದ್ದಿಯಿತ್ತು, ಎಷ್ಟು ಜನ ಸತ್ತರು ಎನ್ನುವ ಜಾಗದಲ್ಲಿ ಕತ್ತರಿ ಆಡಿತ್ತು. ಎಷ್ಟು ಜನ ಎಂದು ಅಮ್ಮನನ್ನು ಕೇಳಿದರೆ, ಅದು ರವಿಕೆಯ ತುಂಡಿನಲ್ಲಿ ಇರಬಹುದು ಹುಡುಕು ಎನ್ನುತ್ತಿದ್ದಳು.

ಎರಡನೆಯ ತರಗತಿಯವರೆಗೆ ನಾನು ಮನೆ ಹತ್ತಿರದ ಶಾಲೆಯಲ್ಲಿದ್ದೆ. ಮೂರನೆಯದಕ್ಕೆ ಅಮ್ಮ ಹಟ ಹಿಡಿದು ಪೇಟೆಯ ಶಾಲೆಗೆ ಸೇರಿಸಿದಳು. ಅಲ್ಲಿ ಅವಳ ಕಣ್ಣು ನನ್ನ ಓದಿನ ಮೇಲೆ ಎಷ್ಟಿತ್ತೋ ಅಷ್ಟೇ ಶಾಲೆಯ ಯೂನಿಫಾರ್ಮಿನ ಮೇಲೂ ಇತ್ತು. ತೋಳಿಲ್ಲದ ನೀಲಿ ಪಿನಾಫೋರ್, ಒಳಗೆ ಬಿಳಿ ಅಂಗಿ. ಅದನ್ನು ಹೊಲಿಯುತ್ತಿದ್ದ ದರ್ಜಿ ವಯಸ್ಸಾಗಿ ಕೆಲಸ ಬಿಡುವವರಿದ್ದರು. ಹೊಲಿಗೆ ಬಲ್ಲ ತಾಯಂದಿರು ಯಾರಾದರೂ ಇದ್ದರೆ ವಾರ್ಷಿಕೋತ್ಸವದ ದಿನ ಒಂದು ಮಾದರಿ ಹೊಲಿದು ತಂದು ಹೆಡ್ ಟೀಚರಿಗೆ ತೋರಿಸಬಹುದು ಎಂದು ತಾಯಂದಿರ ಸಭೆಯಲ್ಲಿ ಹೇಳಿದ್ದರು. ಅಮ್ಮ ಅಂದು ಮನೆಗೆ ಬಂದವಳು ಕೈ ಮೂರು ಸಲವೂ ತೊಳೆಯದೆ ನೇರ ಫ್ರಾಕಿನ ಕಟಿಂಗ್ ಹುಡುಕಿದಳು. ಯೂನಿಫಾರ್ಮಿನ ಕೆಲಸ ಸಿಕ್ಕರೆ ಶೆಡ್ಡಿಗೆ ಹೋಗುವುದು ಬೇಡ. ಮನೆಯಲ್ಲಿ ಇದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಒಂದೇ ವಾರದಲ್ಲಿ ಮಾದರಿ ಪಿನಾಫೋರ್ ಸಿದ್ಧವಾಯಿತು. ಇಸ್ತ್ರಿ ಮಾಡಿಸಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೊಳೆಗೆ ತೂಗುಹಾಕಿದಳು.

ಅದೇ ಹೊತ್ತಿಗೆ ನನಗೆ ಜ್ವರ ಬಂತು. ಛದ್ಮವೇಷದಲ್ಲಿ ಯಾರಿಗೆ ಯಾವ ವೇಷ ಎಂದು ಟೀಚರು ಹಂಚಿದ ದಿನ ನಾನು ನಡುಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ಸುದ್ದಿ ತಂದವಳು ನೆರೆಮನೆಯ ಶಾಂತಿ. ಅದೇ ಶಾಲೆಯಲ್ಲಿ ಐದನೆಯ ತರಗತಿಯಲ್ಲಿದ್ದಳು.

"ಸುಜಾತಾ, ನಿಂಗೆ ರಾಣಿ ಗಡ. ನಂಗೆ ಆಮಿ. ಟೀಚರ್ ಹೇಳುಕೆ ಹೇಳಿರ್."

ಜಗಲಿಯಿಂದ ಅಜ್ಜಿ ಕೇಳಿದಳು:

"ಎಂತ, ಎಂತ? ರಾಣಿಯಾ?"

"ಹೌದಜ್ಜಿ. ವೇಷ ಹಾಕುದ್, ವಾರ್ಷಿಕೋತ್ಸವಕ್ಕೆ. ನಮ್ ಕ್ಲಾಸಿನ ಒಬ್ಳಿಗೆ ನವಿಲ್."

"ಕಾಣ್! ಪ್ಯಾಟಿ ಶಾಲಿಯರಿಗೂ ಗೊತ್ತಿತ್ತ್ ನಮ್ ರಾಣಿ. ಒಬ್ಳಿಗೆ ಆಮಿ, ಒಬ್ಳಿಗೆ ರಾಣಿ. ಕಡ್ಲ ಬದಿ ಮಕ್ಳಿಗೆ ಕಡ್ಲಿನ ವೇಷ. ಬುದ್ವಂತ್ರ್ ಮಾರಾಯ್ತಿ ಆ ಟೀಚರ್."

ಯಾರಿಗೂ ಸಂಶಯ ಬರಲಿಲ್ಲ. ಆಮೆ, ನವಿಲು, ರಾಣಿ: ಸಾಲು ಸರಿಯಾಗಿಯೇ ಇತ್ತು. ರಾಜ ಯಾರು ಎನ್ನುವುದನ್ನು ಶಾಂತಿ ಹೇಳಲಿಲ್ಲ, ಅದು ಅವಳಿಗೆ ಗೊತ್ತಿರಲಿಲ್ಲ. ಮಲಗಿದ್ದ ನನಗೆ ಸಂತೋಷವಾಯಿತು. ಚಿಂತೆಗೆ ಬಿದ್ದವಳು ಅಮ್ಮ ಒಬ್ಬಳೇ.

"ಮೀನಿನ ವೇಷ ಹ್ಯಾಂಗ್ ಹೊಲುದ್ ಅತ್ತೆ? ನಂಗೆ ಅದ್ರ್ ಕಟಿಂಗ್ ಗೊತ್ತಿಲ್ಲೆ."

"ಮೀನ್ ಕೊಯ್ಯುಕೆ ಗೊತ್ತಿದ್ದ್ ಹೆಂಗ್ಸಿಗೆ ಮೀನ್ ಹೊಲುಕೆ ಎಂತ ಕಷ್ಟ? ಕೊಯ್ದದ್ರ ಉಲ್ಟಾ ಅಷ್ಟೇ."

ಅಜ್ಜಿ ತಮಾಷೆಗೆ ಹೇಳಿದ್ದು. ಅಮ್ಮ ಅದನ್ನೇ ಹಿಡಿದಳು. ಫ್ರಾಕಿನ ಕಾಗದವನ್ನು ನೆಲದ ಮೇಲೆ ಹಾಸಿ ಎಷ್ಟೋ ಹೊತ್ತು ನೋಡುತ್ತ ಕುಳಿತಳು. ಫ್ರಾಕು ಮೇಲೆ ಕಿರಿದು, ಕೆಳಗೆ ಹೋದಂತೆ ಅಗಲ. ಮೀನು ನಡುವೆ ಅಗಲ, ಕೆಳಗೆ ಹೋದಂತೆ ಕಿರಿದು. ಸೊಂಟದವರೆಗೆ ಕಾಗದವನ್ನು ಇದ್ದ ಹಾಗೇ ಇಟ್ಟು, ಸೊಂಟದ ಕೆಳಗಿನ ತುಂಡನ್ನು ಬೇರೆ ಮಾಡಿ ತಲೆಕೆಳಗು ಹಾಸಿದಳು. ಅಗಲದ ಅಂಚು ಮೇಲೆ ಬಂತು, ಕಿರಿದಾದ ಅಂಚು ನನ್ನ ಕಾಲಿಗೆ ಬಂತು. ಮಂತ್ರಿಯ ಮುಖ ತಿರುಗಿ ನಿಂತಿತು. ತಲೆಗೆ, ಕೂಸುಗಳಿಗೆ ಹೊಲಿಯುವ ಕುಲಾವಿಯನ್ನೇ ದೊಡ್ಡದು ಮಾಡಿ, ನನ್ನ ಮುಖ ಮೀನಿನ ಬಾಯಿಯಿಂದ ಕಾಣುವ ಹಾಗೆ ಇಟ್ಟಳು. ಸಮಸ್ಯೆಯಾದದ್ದು ತೋಳು. ತೋಳು ಕೂರಿಸಿದರೆ ಮೀನಿಗೆ ಕೈ ಬಂದಂತೆ ಕಾಣುತ್ತಿತ್ತು. ಎರಡು ಸಲ ಹೊಲಿದು ಬಿಚ್ಚಿದಳು. ಮೂರನೆಯ ಸಲ ತೋಳಿನ ಕಂಡಿಯನ್ನೇ ಮುಚ್ಚಿ, ಅದರ ಮೇಲೆ, ಗಟ್ಟಿ ನಿಲ್ಲಲು ಒಳಗೆ ಬಕ್ರಂ ಇಟ್ಟ ಎರಡು ರೆಕ್ಕೆ ಹೊಲಿದಳು. ನನ್ನ ಕೈಗಳು ಒಳಗೆ ಉಳಿದವು.

"ಅಮ್ಮ, ನನ್ ಕೈ?"

"ಒಳ್ಗೇ ಇರ್ಲಿ. ಮೀನಿಗೆ ಕೈ ಇತ್ತಾ?"

"ಮೂಗ್ ತುರಿಸ್ರೆ?"

"ಮೀನ್ ಮೂಗ್ ತುರಿಸ್ತಿಲ್ಲೆ. ಸುಮ್ನೆ ನಿಲ್."

ಮಾದರಿಗೆಂದು ಅಜ್ಜಿ ಬುಟ್ಟಿಯಿಂದ ಒಂದು ಒಳ್ಳೆಯ ರಾಣಿ ಎತ್ತಿಟ್ಟು ತಂದಿದ್ದಳು. ಮಷೀನಿನ ಕೋಣೆಗೆ ಮೀನು ಬಂದದ್ದು ಅದೇ ಮೊದಲು, ಅದೇ ಕೊನೆ. ಬಾಳೆಲೆಯ ಮೇಲೆ ಹೊಸ್ತಿಲಲ್ಲಿ ಇಟ್ಟು, ಅಮ್ಮ ದೂರದಿಂದ ನೋಡಿ ನೋಡಿ ಗೆರೆ ಹಾಕಿದಳು. ಬಟ್ಟೆ ಗುಲಾಬಿ ಸಾಟಿನ್. ತನ್ನ ಮದುವೆಯ ಲಂಗ ಬಿಚ್ಚಿ ತೆಗೆದದ್ದು. ಪಕ್ಕೆಗೆ ಹಳದಿ ರಿಬ್ಬನ್. ಕೆಲಸ ಮುಗಿದ ಮೇಲೆ ಮಾದರಿ ಸಾರಿಗೆ ಬಿತ್ತು. ಅಂದಿನ ಜಗಳವೂ ಅದೇ ಮೀನಿನ ಮೇಲೆ.

"ಬಾಲದ್ ನೂಲೆಲ್ಲಿತ್ತ್?" ಅಜ್ಜಿ ಕೇಳಿದಳು.

"ಅದ್ ಯಾರ್ ಕಾಂತ್ರ್ ಅತ್ತೆ? ಅಷ್ಟ್ ದೂರಕ್ಕೆ ನೂಲ್ ಕಾಂತ್ತಾ?"

"ನೂಲಿಲ್ದಿರೆ ಅದ್ ರಾಣಿ ಅಲ್ಲ. ಬರೀ ಕೆಂಪ್ ಮೀನ್. ಗಿರಾಕಿಗೆ ಮೋಸ ಮಾಡ್ದಂಗೆ ಆತ್ತ್."

"ಹಂಗಾರೆ ನೀವೇ ಹೊಲಿನಿ."

"ನಂಗೆ ಬತ್ತಿದ್ರೆ ನಿನ್ ಹತ್ರ ಹೇಳ್ತಿದ್ನಾ?"

ಇಬ್ಬರೂ ಆ ದಿನ ಬೇರೆ ಬೇರೆ ಉಂಡರು. ಮರುದಿನ ಬೆಳಿಗ್ಗೆ ಬಾಲದ ತುದಿಯಲ್ಲಿ ಹಳದಿ ಉಣ್ಣೆಯ ಎಳೆ ಇತ್ತು.

ಜ್ವರ ಬಿಟ್ಟು ನಾನು ಶಾಲೆಗೆ ಹೋದದ್ದು ವಾರ್ಷಿಕೋತ್ಸವಕ್ಕೆ ಎರಡು ದಿನ ಇರುವಾಗ. ವೇದಾವತಿ ಟೀಚರು ಗಡಿಬಿಡಿಯಲ್ಲಿದ್ದರು. ಕಾರಿಡಾರಿನಲ್ಲಿ ನಿಂತೇ ಮಾತಾಡಿಸಿದರು. ಆ ಮಾತುಗಳನ್ನು ನಾನು ವರದಿ ಒಪ್ಪಿಸುವ ಹಾಗೆ ಮನೆಯಲ್ಲಿ ಹೇಳಿದ್ದೆ, ಆದ್ದರಿಂದ ನೆನಪಿದೆ.

"ಏನಮ್ಮಾ ರಾಣಿ, ಜ್ವರ ಬಿಡ್ತಾ? ಡ್ರೆಸ್ ಎಲ್ಲಿಗೆ ಬಂತು?"

"ಅಮ್ಮ ಹೊಲಿತಿದ್ದಾರೆ ಟೀಚರ್. ಗುಲಾಬಿ ಬಣ್ಣ."

"ಗುಲಾಬಿ ಚಂದ. ಹಿಂದೆ ಉದ್ದ ಇರ್ಲಿ ಅಂತ ಹೇಳು. ನೆಲದ ಮೇಲೆ ಎಳ್ಕೊಂಡು ಬರ್ಬೇಕು. ಆಗ ಗತ್ತು."

ಅಮ್ಮ ಬಾಲವನ್ನು ಬಿಚ್ಚಿ ಇನ್ನೂ ಒಂದು ಮೊಳ ಉದ್ದ ಮಾಡಿದಳು. ವೇದಿಕೆಯಲ್ಲಿ ಹೇಳಬೇಕಾದ ಮಾತನ್ನೂ ಅವಳೇ ಬರೆದಳು, ಪುಸ್ತಕದ ಕನ್ನಡದಲ್ಲಿ. ‘ನಾನು ರಾಣಿ. ನನ್ನ ಮೈ ಗುಲಾಬಿ. ಬೆಳಗಾದರೆ ಜನ ನನಗಾಗಿ ಕಾದು ನಿಂತಿರುತ್ತಾರೆ.’ ಅಜ್ಜಿಗೆ ಇದು ಸಪ್ಪೆ ಅನ್ನಿಸಿತು. ಕೊನೆಗೆ ಮೀನು ಮಾರುವ ಕೂಗು ಒಂದು ಇರಲಿ ಎಂದಳು. ಅಮ್ಮ ಬೇಡವೆಂದಳು. ಪೇಟೆ ಶಾಲೆಯಲ್ಲಿ ಆ ಕೂಗು ಬೇಡ. ಈ ಒಂದು ವಿಷಯದಲ್ಲಿ ಅವಳ ಧ್ವನಿ ಗಟ್ಟಿಯಾಗಿತ್ತು.

ಶನಿವಾರ ನಾವು ಮೂವರೂ ಬಸ್ಸಿನಲ್ಲಿ ಹೋದೆವು. ಅಮ್ಮ ನೀಲಿ ಸೀರೆ ಉಟ್ಟಿದ್ದಳು. ಒಂದು ಕೈಯಲ್ಲಿ ಪಿನಾಫೋರಿನ ಚೀಲ, ಇನ್ನೊಂದರಲ್ಲಿ ಮೀನಿನ ಚೀಲ. ಅಜ್ಜಿ ಮಲ್ಲಿಗೆ ಮುಡಿದಿದ್ದಳು. ತರಗತಿಯೊಂದರಲ್ಲಿ ತಾಯಂದಿರು ಮಕ್ಕಳಿಗೆ ಬಣ್ಣ ಹಚ್ಚುತ್ತಿದ್ದರು. ನನ್ನ ವೇಷಕ್ಕೆ ಜಿಪ್ ಇರಲಿಲ್ಲ. ನನ್ನನ್ನು ಒಳಗೆ ನಿಲ್ಲಿಸಿ, ಬೆನ್ನ ಹಿಂದೆ ಅಮ್ಮ ಸೂಜಿಯಿಂದ ಹೊಲಿದು ಮುಚ್ಚಿದಳು. ಕಾಲಿನ ಹತ್ತಿರ ಬಟ್ಟೆ ಬಿಗಿಯಾಗಿ, ಹೆಜ್ಜೆ ಇಡಲಾಗದೆ ನಾನು ಕುಪ್ಪಳಿಸಬೇಕಿತ್ತು. ಹಿಂದೆ ಬಾಲ ಎಳೆದುಕೊಂಡು ಬರುತ್ತಿತ್ತು. ಅಲ್ಲಿದ್ದ ಒಬ್ಬರು ತಾಯಿ, ಎಷ್ಟು ಚಂದದ ಮೀನು, ಯಾರು ಹೊಲಿದದ್ದು ಎಂದು ಕೇಳಿದರು. ನಾನೇ ಎಂದಳು ಅಮ್ಮ. ಹಾಗೆ ಹೇಳುವಾಗ ಅವಳ ಮುಖ ಹೇಗಿತ್ತು ಎನ್ನುವುದು ನನಗೆ ಈಗಲೂ ಕಾಣುತ್ತದೆ. ಮುಂದಿನದೆಲ್ಲ ನಡೆದದ್ದು ಅದಾದ ಐದು ನಿಮಿಷದೊಳಗೆ.

ವೇದಿಕೆಯ ಮೆಟ್ಟಿಲ ಹತ್ತಿರ ವೇದಾವತಿ ಟೀಚರು ಪಟ್ಟಿ ಹಿಡಿದು ನಿಂತಿದ್ದರು. ಅವರ ಪಕ್ಕದಲ್ಲಿ ನನ್ನ ತರಗತಿಯ ಪ್ರಶಾಂತ, ಮೀಸೆ ಬರೆದುಕೊಂಡು, ಸೊಂಟಕ್ಕೆ ಕತ್ತಿ ಕಟ್ಟಿಕೊಂಡು. ಟೀಚರ ಕೈಯಲ್ಲಿ ಬಂಗಾರದ ಬಣ್ಣದ ರಟ್ಟಿನ ಕಿರೀಟ.

"ಇದೆಂತದ್ದು?" ಟೀಚರು ಕೇಳಿದರು.

"ರಾಣಿ, ಟೀಚರ್," ಅಮ್ಮ ಹೇಳಿದಳು.

"ಇದು ಮೀನಲ್ವಾ?"

"ಹೌದ್ ಟೀಚರ್. ರಾಣಿ ಮೀನ್."

ಟೀಚರ ಮನೆ ಕೋಟದ ಹತ್ತಿರ. ಅವರ ಮನೆಯಲ್ಲಿ ಮೀನು ತಿನ್ನುತ್ತಿರಲಿಲ್ಲ. ಆ ಹೆಸರಿನ ಮೀನು ಒಂದಿದೆ ಎಂದು ಅವರಿಗೆ ತಿಳಿದಿರಲು ಕಾರಣವೇ ಇರಲಿಲ್ಲ. ಅವರು ಒಮ್ಮೆ ನನ್ನನ್ನು, ಒಮ್ಮೆ ಪ್ರಶಾಂತನನ್ನು, ಒಮ್ಮೆ ಕೈಯಲ್ಲಿದ್ದ ಕಿರೀಟವನ್ನು ನೋಡಿದರು. ಅಮ್ಮನೂ ಅದೇ ಕ್ರಮದಲ್ಲಿ ನೋಡಿದಳು. ಅವಳಿಗೆ ಅರ್ಥವಾದದ್ದು ಆಗ. ಅವಳು ನನ್ನ ರೆಕ್ಕೆ ಹಿಡಿದು ಹಿಂದಕ್ಕೆ ಎಳೆದಳು. ಅಷ್ಟರಲ್ಲಿ ಮೈಕಿನಲ್ಲಿ, ಈಗ ಮೂರನೆಯ ತರಗತಿಯ ರಾಜ ಮತ್ತು ರಾಣಿ, ಎಂದು ಕೂಗಿ ಆಗಿತ್ತು. ಟೀಚರು ಕೆಟ್ಟವರಾಗಿರಲಿಲ್ಲ. ಹೇಗಾದರೂ ಸರಿ ಮಾಡಬೇಕೆಂದು ಕಿರೀಟವನ್ನು ನನ್ನ ಮೀನಿನ ತಲೆಯ ಮೇಲಿಟ್ಟು, ಹೋಗು ಎಂದು ಬೆನ್ನು ತಟ್ಟಿದರು.

ನಾನು ಕುಪ್ಪಳಿಸಿ ಮೆಟ್ಟಿಲು ಹತ್ತಿದೆ. ಕೊನೆಯ ಮೆಟ್ಟಿಲಿಗೆ ಕಿರೀಟ ಜಾರಿ ಕಣ್ಣ ಮೇಲೆ ಬಂತು. ಇಲ್ಲಿಂದ ಮುಂದೆ ನಾನು ಬರೆಯುತ್ತಿರುವುದು ನೋಡಿದ್ದಲ್ಲ, ಕೇಳಿದ್ದು. ಪ್ರಶಾಂತನಿಗೆ ರಾಣಿಯ ಕೈ ಹಿಡಿದು ನಡೆಯಬೇಕೆಂದು ಹೇಳಿಕೊಟ್ಟಿದ್ದರು.

"ಕೈ ಕೊಡೇ," ಎಂದ.

"ಕೈ ಇಲ್ಲೆ," ಎಂದೆ.

"ಟೀಚರ್, ಇದ್ಕೆ ಕೈಯೇ ಇಲ್ಲೆ!"

ಅವನು ಮೈಕಿನ ಹತ್ತಿರವೇ ಇದ್ದ. ನಗು ಅಲ್ಲಿಂದ ಶುರುವಾಯಿತು. ಮುಂದಿನ ಸಾಲಿನಲ್ಲಿ ಶುರುವಾಗಿ ಹಿಂದಕ್ಕೆ ಹೋಯಿತು, ಹಿಂದಿನಿಂದ ಮತ್ತೆ ಮುಂದಕ್ಕೆ ಬಂತು. ಏನೂ ಕಾಣದೆ ನಾನು ನನ್ನ ಮಾತು ಹೇಳಿದೆ. ಅದನ್ನು ಹೇಳಿ ಮುಗಿಸಿದರೆ ಇಳಿಯಬಹುದು ಎಂದು ತಿಳಿದಿದ್ದೆ. ನಾನು ರಾಣಿ, ಎಂದದ್ದೇ ಮುಂದಿನದು ಯಾರಿಗೂ ಕೇಳಿಸಲಿಲ್ಲ. ಒಂದು ಗಂಡಸಿನ ಸ್ವರ, ಎಲ್ಲೋ ಎಡಗಡೆಯಿಂದ:

"ವಾಸ್ನಿ ಬತ್ತಿತ್ತ್ ಮಾರಾಯ್ರೆ, ವಾಸ್ನಿ!"

ವಾಸನೆ ಇರಲಿಲ್ಲ. ಆ ಬಟ್ಟೆಯನ್ನು ಅಮ್ಮ ಮುಟ್ಟುವ ಮೊದಲು ಪ್ರತಿಸಲವೂ ಕೈ ತೊಳೆದದ್ದನ್ನು ನಾನು ಕಂಡಿದ್ದೇನೆ. ಆದರೆ ಆ ಮಾತು ಕೇಳಿದ ಮೇಲೆ, ಆ ವೇಷದ ಒಳಗೆ, ನನಗೂ ವಾಸನೆ ಬಂತು. ಮುಖ ಮುಚ್ಚಿಕೊಳ್ಳಬೇಕು ಅನ್ನಿಸಿತು. ಕೈಗಳು ಸಾಟಿನ್ ಬಟ್ಟೆಯ ಒಳಗೆ ಮುಖದ ಕಡೆ ಹೊರಟವು, ಎದೆಯ ಹತ್ತಿರ ಸಿಕ್ಕಿಕೊಂಡವು. ಮೀನಿನ ಹೊಟ್ಟೆಯಲ್ಲಿ ಏನೋ ಒದ್ದಾಡುವ ಹಾಗೆ ಕಂಡಿರಬೇಕು. ನಗು ಇನ್ನೂ ಜೋರಾಯಿತು. ಮೂಗಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಆಗಲಿಲ್ಲ. ಆಗ ಸಭಾಂಗಣದ ಕೊನೆಯಿಂದ, ಇಡೀ ಕೋಡಿಗೆ ಪರಿಚಯವಿದ್ದ ಸ್ವರವೊಂದು ಬಂತು. ಜನ ಖುಷಿಯಿಂದ ನಗುತ್ತಿದ್ದಾರೆ, ಮೊಮ್ಮಗಳು ಗೆದ್ದಿದ್ದಾಳೆ ಎಂದೇ ಅಜ್ಜಿ ತಿಳಿದಿದ್ದಳು.

"ರಾಣಿ ಬೇಕಾ ರಾಣೀ! ತಾಜಾ ರಾಣೀ!"

ಆಮೇಲೆ ಮೆಟ್ಟಿಲ ಬಳಿಯಿಂದ ಅಮ್ಮನ ಸ್ವರ, ಅಜ್ಜಿ ಕೂತುಕೊಳ್ಳಲಿ ಎಂದು. ಕೂಗಿದ್ದಲ್ಲ, ಆದರೂ ನನಗೆ ಕೇಳಿಸಿತು.

"ಅತ್ತೆ, ಕೂಕಣಿ. ಕೂಕಣಿ ಅತ್ತೆ."

ಶಾಲೆಯ ಹಿಂದೆ, ನೀರಿನ ಟಾಕಿಯ ಹತ್ತಿರ, ಅಮ್ಮ ನನ್ನ ಬೆನ್ನಿನ ಹೊಲಿಗೆಯನ್ನು ಹಲ್ಲಿನಿಂದ ಕಡಿದು ಬಿಚ್ಚಿದಳು. ಕತ್ತರಿ ಚೀಲದಲ್ಲೇ ಇತ್ತು, ಹುಡುಕುವ ತಾಳ್ಮೆ ಇರಲಿಲ್ಲ. ಕೈ ಹೊರಗೆ ಬಂದದ್ದೇ ನಾನು ಮಾಡಿದ ಮೊದಲ ಕೆಲಸ ಅವಳನ್ನು ದೂಡಿದ್ದು. ಸೆರಗಿನಿಂದ ನನ್ನ ಮೂಗು ಒರೆಸಲು ಬಂದಳು, ನಾನು ಮುಖ ತಿರುಗಿಸಿದೆ. ಅಷ್ಟರಲ್ಲಿ ಅಜ್ಜಿ ಓಡಿಬಂದಳು. ಕೈಯಲ್ಲಿ ಹಸಿರು ಪ್ಲಾಸ್ಟಿಕ್ಕಿನ ಸೋಪು ಡಬ್ಬಿ. ತೀರ್ಪುಗಾರರು ನಮ್ಮದು ಬೇಕೆಂದೇ ಮಾಡಿದ ತಮಾಷೆ ಎಂದುಕೊಂಡು, ಹಾಸ್ಯಕ್ಕೆಂದು ಒಂದು ವಿಶೇಷ ಬಹುಮಾನ ಕೊಟ್ಟಿದ್ದರು. ಹೆಸರು ಕೂಗಿದಾಗ ನಾವಿಬ್ಬರೂ ಇರಲಿಲ್ಲ. ಅಜ್ಜಿಯೇ ವೇದಿಕೆ ಹತ್ತಿ ತಂದಿದ್ದಳು.

"ಪ್ರೈಜ್ ಬಂತ್ ಮಗಾ! ಎಲ್ಲ್ ಹೋಯ್ರಿ ನೀವ್ ಇಬ್ರೂ? ಎಂತಕೆ ಮರ್ಕುದ್?" ನನ್ನ ಅಳು ಅವಳಿಗೆ ಅರ್ಥವೇ ಆಗಲಿಲ್ಲ.

ಪಿನಾಫೋರಿನ ಚೀಲ ಅಮ್ಮನ ಕಾಲ ಬಳಿ ಇತ್ತು. ಹೆಡ್ ಟೀಚರ ಕೋಣೆಯ ಬಾಗಿಲು ಅಲ್ಲಿಂದ ಕಾಣುತ್ತಿತ್ತು, ಹೊರಗೆ ಇಬ್ಬರು ಹೆಂಗಸರು ಚೀಲ ಹಿಡಿದು ಕಾಯುತ್ತಿದ್ದರು. ಅಮ್ಮ ಅವರನ್ನು ನೋಡಿದಳು. ಮೀನಿನ ವೇಷವನ್ನು ಮಡಚಿದಳು, ಅದನ್ನು ಪಿನಾಫೋರಿನ ಮೇಲೆಯೇ ತುರುಕಿದಳು. ಇಸ್ತ್ರಿ ಮುದುಡಿತು. ಮೂವರೂ ಹಿಂದಿನ ಗೇಟಿನಿಂದ ಹೊರಗೆ ಬಂದೆವು. ಬಸ್ಸಿನಲ್ಲಿ ನಾನು ಅವರಿಬ್ಬರಿಂದ ಬೇರೆ ಸೀಟಿನಲ್ಲಿ, ಪರಿಚಯ ಇಲ್ಲದವರ ಪಕ್ಕ ಕುಳಿತೆ. ಮನೆ ಹತ್ತಿರ ಬಂದಾಗ ಅಮ್ಮ ಒಂದೇ ಮಾತು ಹೇಳಿದಳು. ನನಗೂ ಅಲ್ಲ, ಅಜ್ಜಿಗೂ ಅಲ್ಲ.

"ಟೀಚರ್ ಹತ್ರ ಒಂದ್ ಮಾತ್ ಕೇಣ್ಕಿತ್ತ್ ನಾನ್."

ಸೋಮವಾರ ಅವಳು ಶೆಡ್ಡಿಗೆ ಹೋದಳು. ಯೂನಿಫಾರ್ಮಿನ ಕೆಲಸ ಬೇರೆಯವರಿಗೆ ಸಿಕ್ಕಿತು ಎಂದು ಮುಂದಿನ ಜೂನ್‌ನಲ್ಲಿ ಗೊತ್ತಾಯಿತು. ಅವರು ಹೊಲಿದ ಪಿನಾಫೋರ್ ನಾನು ಧರಿಸಿದೆ. ಅದರ ಪಟ್ಟಿ ಒಂದು ಕಡೆ ಜಾರುತ್ತಿತ್ತು. ಅಮ್ಮ ಬೆಳಿಗ್ಗೆ ನನ್ನನ್ನು ಶಾಲೆಗೆ ಕಳಿಸುವಾಗ ಅದನ್ನು ನೋಡುತ್ತಿದ್ದಳು, ಸರಿ ಮಾಡಿ ಕೊಡಲಾ ಎಂದು ಕೇಳಲಿಲ್ಲ. ಶಾ‌ಲೆಯಲ್ಲಿ ನನ್ನ ಹೆಸರು ರಾಣಿ ಎಂದಾಯಿತು. ಹಾಜರಿ ಕರೆಯುವಾಗ ಸುಜಾತ ಎಂದರೆ ಹಿಂದಿನ ಬೆಂಚು, ತಾಜಾ, ಎನ್ನುತ್ತಿತ್ತು. ನಾನು ಮನೆಯ ಮಾತನ್ನು ಶಾಲೆಯ ಗೇಟಿನ ಹೊರಗೆ ಬಿಟ್ಟು ಹೋಗಲು ಕಲಿತೆ. ಇತ್ತ್ ಅನ್ನುವಲ್ಲಿ ಇದೆ, ಬತ್ತೆ ಅನ್ನುವಲ್ಲಿ ಬರುತ್ತೇನೆ. ಒಂದು ಶಬ್ದವನ್ನು ಬಾಯಿಂದ ಬಿಡುವ ಮೊದಲು ಅದಕ್ಕೆ ಕೇಳುವವರ ಮನೆಯಲ್ಲಿ ಬೇರೆ ಅರ್ಥ ಇದೆಯೇ ಎಂದು ತಡವುವ ಅಭ್ಯಾಸ ಆಗಿನದು. ಹಿಂದಿನ ಬೆಂಚಿಗೆ ಕೇಳಿಸಬಾರದೆಂದು ಸಣ್ಣ ಸ್ವರದಲ್ಲಿ ಮಾತಾಡುವುದೂ.

ಮನೆಯಲ್ಲಿ ಆದ ಬದಲಾವಣೆ ಇನ್ನೊಂದು. ವಾರ್ಷಿಕೋತ್ಸವದ ಮರುವಾರ ಅಜ್ಜಿ ರಾಣಿ ತಂದಳು. ಬಟ್ಟಲಿನಲ್ಲಿ ಸಾರು ನೋಡಿ ನಾನು ಎದ್ದುಹೋದೆ. ಅಜ್ಜಿಗೆ ಅಂದು ಅರ್ಥವಾಯಿತೋ, ಅಮ್ಮ ಹೇಳಿದಳೋ ತಿಳಿಯದು. ಆಮೇಲೆ ಅವಳು ಆ ಮೀನಿನ ಹೆಸರು ಹೇಳುವುದನ್ನು ಬಿಟ್ಟಳು. ಕೆಂಪು ಮೀನು ಎನ್ನತೊಡಗಿದಳು, ನೂಲಿಲ್ಲದಿದ್ದರೆ ಮೋಸ ಎಂದು ಯಾವ ಹೆಸರನ್ನು ಹಳಿದು ಜಗಳವಾಡಿದ್ದಳೋ ಅದೇ ಹೆಸರು. ಬೀದಿಯಲ್ಲಿ ಮಾರುವಾಗಲೂ ನಮ್ಮ ಓಣಿಗೆ ಬಂದರೆ ಅವಳ ಕೂಗು ನಿಲ್ಲುತ್ತಿತ್ತು. ಬುಟ್ಟಿ ಹೊತ್ತು ಸುಮ್ಮನೆ ನಡೆದು, ಓಣಿ ದಾಟಿದ ಮೇಲೆ ಮತ್ತೆ ಶುರುಮಾಡುತ್ತಿದ್ದಳು. ನಾನು ಹೊಸ್ತಿಲಲ್ಲಿ ಕುಳಿತು ಶಾಲೆಯ ಲೆಕ್ಕ ಮಾಡುತ್ತ ಆ ನಿಶ್ಶಬ್ದವನ್ನು ಕೇಳಿದ್ದೇನೆ. ನಾನು ಕಾಲೇಜಿಗೆ ಹೋಗುವವರೆಗೂ ಹಾಗೇ ಇತ್ತು. ಸೋಪು ಡಬ್ಬಿಯನ್ನು ಅವಳು ಎಲೆಯಡಿಕೆಗೆ ಬಳಸಿದಳು. ಅವಳು ತೀರಿಕೊಂಡಾಗ ಅದು ತಲೆದಿಂಬಿನ ಕೆಳಗೆ ಸಿಕ್ಕಿತು. ಒಳಗೆ ಸುಣ್ಣ ಒಣಗಿತ್ತು.

ನಾನು ಪತ್ರಿಕೆಯೊಂದರ ಸಂಪಾದಕೀಯ ವಿಭಾಗ ಸೇರಿದೆ. ಇಪ್ಪತ್ತು ವರ್ಷಗಳಿಂದ ಬೇರೆಯವರು ಬರೆದ ಸುದ್ದಿಗಳನ್ನು ತಿದ್ದುವ ಕೆಲಸ. ವರದಿಗಾರರಿಗೆ ನನ್ನ ಮೇಲೆ ಒಂದು ದೂರು ಇದೆ: ಗೊತ್ತಿರುವ ಶಬ್ದಕ್ಕೂ ಫೋನು ಮಾಡಿ ಅರ್ಥ ಕೇಳುತ್ತಾಳೆ ಎಂದು. ದೂರು ನಿಜ. ಕಾರಣ ಅವರಿಗೆ ಹೇಳಿಲ್ಲ. ಮೀನಿನ ವೇಷದ ಬಗ್ಗೆ ಅಮ್ಮ ಮತ್ತು ನಾನು ಈವರೆಗೂ ಮಾತಾಡಿಲ್ಲ. ಅದು ನನ್ನ ನಾಚಿಕೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಹೆಡ್ ಟೀಚರ ಬಾಗಿಲ ಮುಂದೆ ಕಾಯುತ್ತಿದ್ದ ಆ ಇಬ್ಬರು ಹೆಂಗಸರನ್ನು ಅಮ್ಮ ನೋಡಿದ ನೋಟ ನನಗೆ ನೆನಪಾದದ್ದು ತಡವಾಗಿ, ನನ್ನದೇ ಒಂದು ಅರ್ಜಿಯನ್ನು ಕೈಯಲ್ಲಿ ಹಿಡಿದು ಯಾರದೋ ಬಾಗಿಲಲ್ಲಿ ನಿಂತು, ಕೊಡದೆ ಹಿಂದೆ ಬಂದ ದಿನ.

ಶೆಡ್ಡು ಮುಚ್ಚಿದ ಮೇಲೆ ಅಮ್ಮ ಕೋಟೇಶ್ವರದಲ್ಲಿ ಒಂದು ಸಣ್ಣ ಅಂಗಡಿ ಹಿಡಿದಳು. ನೈಟಿ, ರವಿಕೆ, ಸೀರೆಗೆ ಫಾಲ್ ಹೊಲಿಯುವುದು, ಡಿಸೆಂಬರ್ ಹತ್ತಿರ ಬಂದರೆ ಮಕ್ಕಳ ಛದ್ಮವೇಷದ ಬಟ್ಟೆ. ಗೋಡೆಯ ಮೇಲೆ ಚಿಟ್ಟೆ, ಆಮೆ, ಜೋಳದ ತೆನೆ, ಬೆಂಕಿಪೊಟ್ಟಣ ತೂಗುತ್ತಿರುತ್ತವೆ. ಎಲ್ಲದಕ್ಕೂ ಕೈ ಹೊರಗೆ ಬರಲು ಕಂಡಿ ಇದೆ, ಬೆಂಕಿಪೊಟ್ಟಣಕ್ಕೂ. ಕಟಿಂಗ್ ಈಗಲೂ ಪತ್ರಿಕೆಯ ಹಾಳೆಯಲ್ಲೇ, ನಮ್ಮ ಪತ್ರಿಕೆಯದೇ. ಕಳೆದ ನವೆಂಬರಿನಲ್ಲಿ ರಜೆಗೆ ಹೋದಾಗ ಒಂದು ಸಂಜೆ ನಾನು ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದೆ. ಒಬ್ಬಾಕೆ ಸ್ಕೂಟರ್ ನಿಲ್ಲಿಸಿ, ಆರೇಳು ವರ್ಷದ ಮಗಳನ್ನು ಮುಂದೆ ಮಾಡಿಕೊಂಡು ಬಂದಳು.

"ಹ್ವಾಯ್, ಲಲಿತಕ್ಕ, ಇವ್ಳಿಗೆ ಶಾಲಿಯಂಗೆ ರಾಣಿ ವೇಷ ಅಂಬ್ರ್. ಬಪ್ಪ ಶನಿವಾರಕ್ಕೆ ಬೇಕಿತ್ತ್."

ಅಮ್ಮ ಮಷೀನು ನಿಲ್ಲಿಸಿದಳು. ನನ್ನ ಕಡೆ ನೋಡಲಿಲ್ಲ. ನಾನು ಕೈಯಲ್ಲಿದ್ದ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

"ಯಾವ್ ರಾಣಿ?" ಎಂದು ಕೇಳಿದಳು. "ಕಿರೀಟದ್ದಾ, ಬಾಲದ್ದಾ?"

"ಎಂತ?"

"ಕಿರೀಟ ಇತ್ತಾ, ಬಾಲ ಇತ್ತಾ ಅಂದೆ."

"ರಾಣಿಗೆ ಎಲ್ಲಿ ಬಾಲ ಮಾರಾಯ್ತಿ! ಕಿರೀಟದ್ದೇ."

"ಟೀಚರ್ ಹತ್ರ ಕೇಂಡಿರ್ಯಾ?"

"ಅದ್ರಂಗೆ ಕೇಂಬುದ್ ಎಂತ ಇತ್ತ್?"

"ಫೋನ್ ಮಾಡಿ ಕೇಣಿ."

ಆಕೆ ನಗುತ್ತ ಹೊರಗೆ ಹೋಗಿ ಫೋನು ಮಾಡಿದಳು. ಹುಡುಗಿ ಗೋಡೆಯ ಆಮೆಯ ಕೈ ತೂತಿನಲ್ಲಿ ಬೆರಳು ಹಾಕಿ ನೋಡುತ್ತಿದ್ದಳು. ಆಕೆ ಒಳಗೆ ಬಂದು, ಕಿರೀಟದ್ದೇ ಅಂತೆ, ಎಂದಳು. ಅಮ್ಮ ಟೇಪು ತೆಗೆದು ಹುಡುಗಿಯ ತಲೆಗೆ ಸುತ್ತಿದಳು. ಇಪ್ಪತ್ತು ಇಂಚು ಬಂತು.